ಮೂರನೇ ಸೌಟು

ಮಾವನಿಗೆ ಹೊಟ್ಟೆಗೆ ಹಾಕದ ಸೊಸೆ ಎಂದು ಆಸ್ಪತ್ರೆಯ ಇಡೀ ವಾರ್ಡು ನನ್ನ ಮುಖ ನೋಡುವ ಹಾಗೆ ಮಾಡಿದ ಮನುಷ್ಯ ಹೋದ ತಿಂಗಳು ತೀರಿಕೊಂಡರಂತೆ. ತುಮಕೂರಿನಿಂದ ಗುಬ್ಬಿಗೆ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಹೇಳಿದಳು. ಅವರು ಅಡುಗೆಮನೆಯಲ್ಲಿದ್ದ ತುಮಕೂರಿನ ಆಸ್ಪತ್ರೆಯಲ್ಲೇ ಅವಳು ಆಯಾ ಆಗಿದ್ದವಳು. ಸುದ್ದಿ ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ನನಗೊಂದು ಕಾರ್ಡು ಹಾಕುವವರು ಯಾರೂ ಇರಲಿಲ್ಲವೇ ಎಂದು ಅವಳ ಮೇಲೆ ರೇಗಿದೆ. ಅವಳು ಪಾಪ ಏನು ಮಾಡಿಯಾಳು, ಕಿಟಕಿ ಕಡೆ ತಿರುಗಿಕೊಂಡಳು. ಹೆಗ್ಗೆರೆ ದಾಟಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಆಗೀಗ ಪೇಪರಿಗೆ ನಾಲ್ಕು ಸಾಲು ಬರೆಯುತ್ತೇನೆಂದು ತಿಳಿದಾಗ ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೆಸರು ಬರೆದರೆ ಅಡುಗೆಯವನು ಡಾಕ್ಟರಿಕೆ ಮಾಡಿದ ಅಂತಾರೆ, ಡಾಕ್ಟರಿಗೆ ಬೇಜಾರಾಗುತ್ತದೆ, ಬೇಡವೇ ಬೇಡ ಎಂದಿದ್ದರು. ಅದಕ್ಕೇ ಆಸ್ಪತ್ರೆಯ ಹೆಸರನ್ನೂ ಬಿಟ್ಟಿದ್ದೇನೆ. ಅಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು 'ಬಡಿಸೋರು' ಎಂದು. ನನಗೂ ಅವರು ಬಡಿಸೋರೇ.

ಕುಳ್ಳಗಿನ ಕಪ್ಪು ಆಳು. ಮೊಣಕೈವರೆಗೆ ಸುಟ್ಟ ಕಲೆಗಳು, ಹೆಗಲ ಮೇಲೆ ಒಂದು ಚೌಕುಳಿ ಟವಲ್ಲು, ಮೂಗಿನ ತುದಿಯಲ್ಲಿ ಸದಾ ಒಂದು ಚಿಟಿಕೆ ನಶ್ಯದ ಗುರುತು. ವರ್ಷಗಟ್ಟಲೆ ಬಗ್ಗಿ ಬಗ್ಗಿ ಬಡಿಸಿ ಬೆನ್ನು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಖಾಲಿ ಕೈಯಲ್ಲಿ ನಡೆಯುವಾಗಲೂ ಎಡಗೈ ಬಕೆಟ್ಟು ಹಿಡಿದ ಹಾಗೆ ಮಡಿಸಿಕೊಂಡೇ ಇರುತ್ತಿತ್ತು. ಕುಣಿಗಲ್ ಕೆರೆಯ ಆಚೆಗಿನ ಒಂದು ಹಳ್ಳಿಯವರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಸಿಗುವ ಮೊದಲು ಇಪ್ಪತ್ತು ವರ್ಷ ಮದುವೆಮನೆಗಳಲ್ಲಿ ಬಡಿಸಿದ್ದರು. ಆ ವಿಷಯ ಬಂದರೆ ಸಾಕು, ಜಂಬ ಕೊಚ್ಚಲು ಶುರು. ತಾನು ಸಾಲಿನ ಈ ತುದಿಯಲ್ಲಿ ಬಗ್ಗಿದರೆ ಆ ತುದಿಯಲ್ಲೇ ಎದ್ದೇಳುತ್ತಿದ್ದುದಂತೆ, ಹುಳಿಯ ಒಂದು ತೊಟ್ಟು ಯಾರ ಪಂಚೆಯ ಮೇಲೂ ಬಿದ್ದದ್ದಿಲ್ಲವಂತೆ. ಕೇಳಿದವರು ಸುಮ್ಮನೆ ತಲೆಯಾಡಿಸಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ಅವರು ನನಗೆ ಗಂಟುಬಿದ್ದದ್ದು ಹೇಗೆಂದು ಹೇಳಬೇಕಾದರೆ ನಮ್ಮ ಮನೆಯ ವಿಷಯ ಹೇಳಬೇಕು. ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಗಂಡ ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ನಾನು ಪ್ರೈಮರಿ ಸ್ಕೂಲಿನ ಟೀಚರು. ಮಾವ ನಮ್ಮ ಜೊತೆಯಲ್ಲೇ ಇದ್ದರು. ಎಪ್ಪತ್ತು ದಾಟಿತ್ತು. ಊರಾಚೆ ತೆಂಗಿನ ತೋಟ, ರಾಗಿ ಹೊಲ, ಹಟ್ಟಿಯಲ್ಲಿ ಕರೆಯುವ ಎರಡು ಎಮ್ಮೆ. ಉಣ್ಣಲು ಉಡಲು ಕೊರತೆ ಎಂಬುದು ಆ ಮನೆಯಲ್ಲಿ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ಕಥೆ ಕೇಳಿದವರೆಲ್ಲ ನಮ್ಮದು ಬಡತನದ ಮನೆ ಎಂದುಕೊಳ್ಳುತ್ತಾರೆ.

ಮಾವ ಶಿಸ್ತಿನ ಮನುಷ್ಯ. ಊಟಕ್ಕೆ ಕೂತರೆ ಮಾತಿಲ್ಲ. ನಾನು ಮದುವೆಯಾಗಿ ಬಂದು ಹತ್ತು ವರ್ಷವಾದರೂ ಅವರೆದುರು ಕೂತು ಮಾತಾಡಿದವಳಲ್ಲ. ಬಾಗಿಲ ಮರೆಯಲ್ಲಿ ನಿಂತೇ ಏನಿದ್ದರೂ. ಅತ್ತೆ ಇರುವವರೆಗೆ ಅವರಿಗೆ ಬಡಿಸುವುದು ಅತ್ತೆಯದೇ ಕೆಲಸ. ಅತ್ತೆ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. "ಇನ್ನೂ ಬೇಕಾ ಮಾವ?" ಅನ್ನುತ್ತಿದ್ದೆ. "ಸಾಕು" ಅನ್ನುತ್ತಿದ್ದರು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ನನ್ನ ತವರಿನಲ್ಲಿ ಕಲಿಸಿದ್ದರು, ನಾನು ಕಲಿತ ಹಾಗೆ ನಡೆದೆ.

ಅಷ್ಟೇ ಅಲ್ಲ, ಅವರ ಮೇಲಿನ ಅಕ್ಕರೆಗೆ ಇನ್ನೊಂದು ಕೆಲಸ ಮಾಡಿದ್ದೆ. ಹಲ್ಲು ಉದುರಿದೆ, ವಯಸ್ಸಾದವರಿಗೆ ಮುದ್ದೆ ಭಾರ ಎಂದು ಮುದ್ದೆ ನಿಲ್ಲಿಸಿ ಮೆತ್ತಗೆ ಅನ್ನ ಮಾಡಿ ತಿಳಿಸಾರು ಹಾಕುತ್ತಿದ್ದೆ. ಟೀಚರಮ್ಮನ ಮನೆಯಲ್ಲಿ ಮಾವನಿಗೆ ಎರಡು ಹೊತ್ತೂ ಅನ್ನ ಎಂದು ಬೀದಿಯವರು ಹೊಗಳುತ್ತಿದ್ದರು. ಕಾಳು ವಾಯು ಎಂದು ಕಾಳು ಬಿಡಿಸಿದೆ. ದಿನಕ್ಕೆ ಮೂರು ಸಲ ಕಾಫಿ ಕೊಡುತ್ತಿದ್ದೆ. ರಾತ್ರಿ ಊಟವನ್ನು ಅವರೇ ಬಿಟ್ಟರು. ಒಪ್ಪೊತ್ತು ಉಂಡವ ಯೋಗಿ, ಎರಡೊತ್ತು ಉಂಡವ ಭೋಗಿ, ಮೂರೊತ್ತು ಉಂಡವ ರೋಗಿ ಎಂದು ಗಾದೆ ಹೇಳಿ ಒಂದು ಬಾಳೆಹಣ್ಣಿನಲ್ಲಿ ಮುಗಿಸುತ್ತಿದ್ದರು. ಎಂಥ ಸಂಯಮ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಎರಡು ವರ್ಷದಲ್ಲಿ ಅವರು ಬೇರೆಯೇ ಮನುಷ್ಯ ಆದರು. ಹಗಲೆಲ್ಲ ತೂಕಡಿಕೆ. ತೋಟದ ಆಳಿನ ಹೆಸರು ಮರೆಯುವುದು, ಬಚ್ಚಲಲ್ಲಿ ಎರಡು ಸಲ ಬಿದ್ದದ್ದು. ಅರವತ್ತಕ್ಕೆ ಅರಳು ಮರಳು, ಇವರಿಗೆ ಎಪ್ಪತ್ತರ ಮೇಲಾಯಿತಲ್ಲ ಎಂದು ನಾವು ಸುಮ್ಮನಾದೆವು. ಪಾದ ಊದಿಕೊಂಡಾಗಂತೂ ನನ್ನ ಗಂಡ, ಅಪ್ಪ ಸ್ವಲ್ಪ ಮೈ ಹಿಡಿದ ಹಾಗಿದ್ದಾರೆ ಎಂದು ಸಂತೋಷಪಟ್ಟರು. ಒಂದು ದಿನ ತೋಟದಲ್ಲಿ ಒಣಗಿದ ತೆಂಗಿನ ಗರಿ ಬಿದ್ದು ಮೊಣಕಾಲ ಕೆಳಗೆ ಗೀರಿತು. ಸಣ್ಣ ಗಾಯ. ಅರಿಶಿನ ಹಚ್ಚಿದೆವು, ಮುಲಾಮು ಹಚ್ಚಿದೆವು, ಗುಬ್ಬಿಯ ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸಿದೆವು. ಮೂರು ತಿಂಗಳಾದರೂ ಅದು ಮಾಯಲಿಲ್ಲ. ಅಗಲವಾಗಿ, ಅಂಚು ಕಪ್ಪಾಗಿ, ವಾಸನೆ ಬರತೊಡಗಿದಾಗ ತುಮಕೂರಿಗೆ ಕರೆದೊಯ್ದೆವು.

ಸಕ್ಕರೆ ಕಾಯಿಲೆ ಇಲ್ಲ, ಕ್ಷಯ ಇಲ್ಲ ಎಂದು ಪರೀಕ್ಷೆಗಳು ಹೇಳಿದವು. ಗಾಯ ಮಾತ್ರ ಹಾಗೇ ಇತ್ತು. ಸರ್ಜನ್ ಇನ್ನೂ ಹುಡುಗರ ಹಾಗಿದ್ದರು, ಆದರೆ ಮಾತು ನೇರ. ಇನ್ನೆರಡು ವಾರ ನೋಡುತ್ತೇನೆ, ಗಾಯದಲ್ಲಿ ಕೆಂಪು ಮಾಂಸ ಹುಟ್ಟದಿದ್ದರೆ ಮೊಣಕಾಲ ಕೆಳಗೆ ತೆಗೆಯಬೇಕಾಗುತ್ತದೆ, ಈ ಮೈಗೆ ಆ ಆಪರೇಷನ್ನು ತಡೆಯುವುದೂ ಕಷ್ಟ ಎಂದರು. ನನ್ನ ಗಂಡ ವರಾಂಡಕ್ಕೆ ಹೋಗಿ ಕಂಬ ಹಿಡಿದು ನಿಂತುಕೊಂಡರು. ಜೀವಮಾನವೆಲ್ಲ ತೋಟ ಸುತ್ತಿದ ಮನುಷ್ಯ ಅವರಪ್ಪ.

ಅದಾಗಿ ನಾಲ್ಕನೇ ದಿನ ಮಧ್ಯಾಹ್ನ. ನನ್ನ ಗಂಡನ ಅಕ್ಕ ಕುಣಿಗಲ್ಲಿನಿಂದ ಅಪ್ಪನನ್ನು ನೋಡಲು ಬಂದಿದ್ದರು. ಬಡಿಸೋರು ತಟ್ಟೆ ಎತ್ತಲು ಬಂದರು. ಬೇರೆಯವರ ತಟ್ಟೆಗಳನ್ನು ಹಾಗೇ ಬಕೆಟ್ಟಿಗೆ ಹಾಕಿಕೊಳ್ಳುತ್ತಿದ್ದವರು ಮಾವನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅನ್ನವನ್ನು ಅಂಚಿಗೆ ಸರಿಸಿ, ನಡುವೆ ಗುಂಡಿ ಮಾಡಿ, ಉಂಡ ಹಾಗೆ ಕಾಣುವಂತೆ ಮಾಡಿದ್ದರು ಮಾವ. ಬಡಿಸೋರು ತಟ್ಟೆ ಕೆಳಗಿಟ್ಟು, ಮಾವನ ಅಂಗಿ ಮೇಲೆತ್ತಿದರು. ಸೊಂಟದ ಕಪ್ಪು ಉಡದಾರದಲ್ಲಿ ಮೂರು ಗಂಟು. ಜಾರುತ್ತದೆಂದು ಒಂದೊಂದು ಸಲ ಒಂದೊಂದು ಗಂಟು ಹಾಕಿ ಬಿಗಿಮಾಡಿಕೊಂಡದ್ದು.

"ಯಜಮಾನ್ರೆ, ಈ ಗಂಟು ಯಾವಾಗ್ಲಿಂದ ಹಾಕ್ತಾ ಇದೀರಿ?" ಎಂದು ಕೇಳಿದರು. ಮಾವ ಗೋಡೆ ಕಡೆ ಮುಖ ತಿರುಗಿಸಿದರು. ಆಗ ಬಡಿಸೋರು ನಮ್ಮ ಕಡೆ ತಿರುಗಿ, ವಾರ್ಡಿನ ಆ ಕೊನೆಗೂ ಕೇಳುವ ಗಂಟಲಲ್ಲಿ ಹೇಳಿದರು.

"ಇವ್ರಿಗೆ ಗಾಯ ಆಮೇಲೆ. ಮೊದ್ಲು ಹೊಟ್ಟೆಗಿಲ್ಲ. ವರ್ಷಗಟ್ಲೆಯಿಂದ ಅರೆ ಹೊಟ್ಟೇಲಿ ಅವ್ರೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕಪಕ್ಕದ ಮಂಚದವರು ಎದ್ದು ಕೂತು ನನ್ನನ್ನೇ ನೋಡಿದರು. ಗಂಡನ ಅಕ್ಕ ಕಣ್ಣೊರೆಸಿಕೊಂಡು, ನಮ್ಮವ್ವ ಹೋದ ಮೇಲೆ ನಮ್ಮಪ್ಪನ ಗತಿ ಇದೇ ಎಂದು ನನಗೆ ಗೊತ್ತಿತ್ತು ಎಂದರು. ಸಂಬಳ ತರುವ ಸೊಸೆಗೆ ಮುದುಕನಿಗೆ ಬೇಯಿಸಿ ಹಾಕಲು ಪುರುಸೊತ್ತೆಲ್ಲಿ ಎಂದೂ ಅಂದರು. ಆ ಮಾತು ನನಗಿಂತ ಮೊದಲು ಬಸ್ಸು ಹತ್ತಿ ಗುಬ್ಬಿಗೂ ಹೋಯಿತು, ಕುಣಿಗಲ್ಲಿಗೂ ಹೋಯಿತು. ನನ್ನ ಗಂಡ ನನ್ನ ಪರ ಒಂದು ಮಾತೂ ಆಡಲಿಲ್ಲ. ಅದನ್ನು ಇವತ್ತಿಗೂ ಮರೆತಿಲ್ಲ, ಅವರು ಇದನ್ನು ಓದಿದರೂ ಓದಲಿ.

ಮಾರನೆಯ ಬೆಳಿಗ್ಗೆ ಸ್ಕೂಲಿಗೆ ರಜ ಹಾಕಿ, ಸೀದಾ ಆಸ್ಪತ್ರೆಯ ಅಡುಗೆಮನೆಗೆ ನುಗ್ಗಿದೆ. ಜಗಳಕ್ಕೇ ಹೋದದ್ದು. ನಮ್ಮ ಮನೆ ಏನೆಂದುಕೊಂಡಿದ್ದೀರಿ, ನಾನು ಮಕ್ಕಳಿಗೆ ಆಹಾರದ ಪಾಠ ಹೇಳುವವಳು, ಮಾವನ ಮಾತನ್ನು ಒಂದು ದಿನ ಮೀರಿದವಳಲ್ಲ ಎಂದೆಲ್ಲ ಕೂಗಾಡಿದೆ. ಅವರು ಸಾರಿನ ಹಂಡೆ ಕದಡುತ್ತಾ ಪೂರ್ತಿ ಕೇಳಿದರು. ಆಮೇಲೆ, ನೀವು ಬಡಿಸುವಾಗ ಹೇಗೆ ಬಡಿಸುತ್ತೀರಿ ಹೇಳಿ ಎಂದರು. ಹೇಳಿದೆ. ಬೇಕಾ ಅಂತೀನಿ, ಸಾಕು ಅಂತಾರೆ, ನಿಲ್ಲಿಸುತ್ತೇನೆ.

"ಅದೇ ಆಗಿರೋದು ತಾಯಿ. ನೀವು ಮಾತು ಕೇಳಿದ್ರಿ, ಕೈ ನೋಡ್ಲಿಲ್ಲ."

ಒಲೆ ಪಕ್ಕದ ಮಣೆ ತೋರಿಸಿ ಕೂರಿಸಿದರು. ಈ ಕಡೆಯ ಮರ್ಯಾದಸ್ಥ ಮನುಷ್ಯ ಯಾರಾದರೂ ಮೊದಲನೇ ಸಲಕ್ಕೆ ಹೂಂ ಅಂದದ್ದುಂಟೇ ಎಂದು ಕೇಳಿದರು. ಮೊದಲ 'ಸಾಕು' ಮರ್ಯಾದೆಗೆ. ಎರಡನೆಯದು, ಬಡಿಸುವವರು ಮನಸ್ಸಿನಿಂದ ಕೇಳುತ್ತಿದ್ದಾರೋ ಬಾಯಿಮಾತಿಗೋ ಎಂದು ನೋಡಲಿಕ್ಕೆ. ಮೂರನೇ ಸಲ ಸೌಟು ಬಗ್ಗಿದಾಗ ಕೈ ಸುಳ್ಳು ಹೇಳುವುದಿಲ್ಲ. ನಿಜವಾಗಿ ಸಾಕಾದವನು ಎಲೆಯ ಮೇಲೆ ಬಗ್ಗಿ ಎರಡು ಕೈಯನ್ನೂ ಅಡ್ಡ ಹಿಡಿಯುತ್ತಾನೆ. ಬೇಕಾದವನು ಒಂದೇ ಕೈ ಒಡ್ಡುತ್ತಾನೆ, ಬೆರಳ ಸಂದಿ ಬಿಟ್ಟು. ಇದನ್ನು ತಮ್ಮ ಕೈಯಲ್ಲೇ ಮಾಡಿ ತೋರಿಸಿದರು. ಮಾವನ ಕೈಯನ್ನು ಎರಡು ವರ್ಷ ದಿನಾ ನೋಡಿದ್ದೆ. ಬೆರಳ ಸಂದಿ ಬಿಟ್ಟ ಒಂದೇ ಕೈ.

"ಹಸಿವಿಲ್ದೋರಿಗೆ ಬಲವಂತ ಮಾಡಿ ಇಪ್ಪತ್ ವರ್ಷ ಬಡಿಸ್ದೆ," ಅಂದರು. "ಇಲ್ಲಿಗೆ ಬಂದ್ಮೇಲೆ ನೋಡ್ತೀನಿ, ಹಸಿದೋರಿಗೆ ಬಲವಂತ ಮಾಡೋರೇ ಇಲ್ಲ."

ಆಸ್ಪತ್ರೆಯಲ್ಲೂ ಒಂದೇ ಸಲ ಕೇಳುವುದು, ಕೆಲಸದ ರಭಸ ಹಾಗಿರುತ್ತದೆ ಎಂದು ಅವರೇ ಒಪ್ಪಿಕೊಂಡರು. ಅದಕ್ಕಾಗಿ ತಾವು ಎಲ್ಲರಿಗೂ ಬಡಿಸಿ ಆದ ಮೇಲೆ ಮುದುಕರ ಮಂಚಗಳಿಗೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಹೋಗುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ. ಆ ದಿನ ನನ್ನನ್ನೂ ಜೊತೆಗೆ ಕರೆದೊಯ್ದರು. ಅವರು 'ಬೇಕಾ' ಎಂದು ಕೇಳುತ್ತಲೇ ಇರಲಿಲ್ಲ. 'ಹಾಕ್ತೀನಿ' ಎನ್ನುತ್ತಾ ಸೌಟು ಬಗ್ಗಿಸುತ್ತಿದ್ದರು. ಬೇಕಾ ಎಂಬ ಮಾತಿಗೆ ಬೇಕು ಎನ್ನುವುದು ಭಿಕ್ಷೆ ಕೇಳಿದ ಹಾಗೆ, ಮಾನವಂತರಿಂದ ಆಗುವುದಿಲ್ಲ ಎಂಬುದು ಅವರ ವಾದ.

ಆ ನಾಲ್ಕಾರು ವಾರದಲ್ಲಿ ನಾನು ಕಂಡದ್ದಕ್ಕೆ ಲೆಕ್ಕವಿಲ್ಲ. ಬೆಳಗಿನ ತಿಂಡಿಗೆ ಬ್ರೆಡ್ಡು ಕೊಟ್ಟರೆ ಶಿರಾ ಕಡೆಯ ಒಬ್ಬ ಮುದುಕ ಮುಟ್ಟುತ್ತಿರಲಿಲ್ಲ. ನರ್ಸು ಹಟಮಾರಿ ಎಂದು ಬೈದಳು. ಬಡಿಸೋರು ಪಕ್ಕ ಕೂತು ವಿಚಾರಿಸಿದರೆ ಸಂಗತಿ ಬೇರೆ. ಅವರ ಊರಿನಲ್ಲಿ ಬ್ರೆಡ್ಡು ತರುವುದು ಇನ್ನೇನು ಹೋಗುವವರಿಗೆ ಮಾತ್ರವಂತೆ. ದಿನಾ ಬೆಳಿಗ್ಗೆ ಆ ಚೂರು ಕಂಡಾಗಲೆಲ್ಲ, ಡಾಕ್ಟರು ಕೈಬಿಟ್ಟಿದ್ದಾರೆ ಎಂದು ಆತ ತಿಳಿದುಕೊಂಡಿದ್ದ. ಬಡಿಸೋರು ಮಾರನೇ ದಿನದಿಂದ ರಾಗಿ ಗಂಜಿಗೆ ಹಾಲು ಬೆರೆಸಿ ತಂದರು. ಹೆಂಗಸರ ವಾರ್ಡಿನಲ್ಲಿ ಒಬ್ಬ ಅಜ್ಜಿ ತನ್ನ ಪಾಲಿನ ಬನ್ನನ್ನು ದಿಂಬಿನ ಕೆಳಗೆ ಅಡಗಿಸಿಡುತ್ತಿದ್ದಳು, ಭಾನುವಾರ ಬರುವ ಮೊಮ್ಮಕ್ಕಳಿಗೆ. ಅವಳನ್ನು ಅವರು ಗದರಿಸಲಿಲ್ಲ. ಎರಡು ಬನ್ನು ತಂದು ಕೊಟ್ಟು, ಒಂದು ಮೊಮ್ಮಗೂಗೆ, ಇದು ನಿಂಗೆ ಕಣವ್ವ, ತಿನ್ನೋವರ್ಗೂ ನಾನು ಏಳಾಕಿಲ್ಲ ಎಂದು ಮಂಚದ ಕಾಲಿಗೆ ಒರಗಿ ಕೂತುಬಿಟ್ಟರು. ನಂಟರು ತರುವ ದ್ರಾಕ್ಷಿ ಮೂಸಂಬಿ ಕಂಡರೆ ಮಾತ್ರ ಉರಿದುಬೀಳುತ್ತಿದ್ದರು. ಅದು ತಂದವರ ಸಮಾಧಾನಕ್ಕೆ, ಮುದುಕರ ಮೈಗಲ್ಲ ಎಂದು ನಂಟರ ಮುಖಕ್ಕೇ ಹೇಳುತ್ತಿದ್ದರು. ಕಾಫಿಯಂತೂ ಅವರ ಶತ್ರು. ಕಾಫಿ ಹೊಟ್ಟೆ ತುಂಬಿಸುವುದಿಲ್ಲ, ಹಸಿವಿನ ಬಾಯಿ ಮುಚ್ಚಿಸುತ್ತದೆ ಎಂದು ನನಗೇ ನಾಲ್ಕು ಸಲ ಹೇಳಿದ್ದಾರೆ. ನಾಲ್ಕು ಸಲವೂ ನನ್ನ ಕೈಯಲ್ಲಿ ಕಾಫಿ ಲೋಟವಿತ್ತು.

ಮೊದಲ ವಾರದಲ್ಲೇ ಅವರು ಮಾವನ ವಿಷಯ ಸರ್ಜನ್ನರಿಗೆ ಹೇಳಿದ್ದೂ ಹಾಗೆಯೇ, ರೌಂಡ್ಸಿನ ಮಧ್ಯೆ ನುಗ್ಗಿ. ಹಿರಿಯ ನರ್ಸು ಅವರನ್ನು ಆಚೆಗೆ ಕಳಿಸಲು ನೋಡಿದಳು. ಸರ್ಜನ್ನರ ಮುಖ ಕೆಂಪಾಯಿತು. ಆದರೂ ಉಡದಾರದ ಗಂಟು ಎಂದದ್ದನ್ನು ಕೇಳಿ ಅವರು ಬಗ್ಗಿ ನೋಡಿದರು. ತೊಡೆಯ ಮಾಂಸ ಹಿಡಿದು ನೋಡಿದರು, ಕಣತಲೆಯ ಗುಳಿ ನೋಡಿದರು, ಊದಿದ ಪಾದವನ್ನು ಹೆಬ್ಬೆರಳಲ್ಲಿ ಒತ್ತಿ ಆ ಗುಂಡಿ ಎಷ್ಟು ಹೊತ್ತು ಹಾಗೇ ಉಳಿಯುತ್ತದೆ ಎಂದು ನೋಡಿದರು. ಆಮೇಲೆ ನಮ್ಮನ್ನು ಕರೆದು ಹೇಳಿದರು: ವಯಸ್ಸಾದವರಲ್ಲಿ ಹಸಿವು ಕಡಿಮೆಯಾಗುತ್ತದೆ ನಿಜ, ಆದರೆ ಮೈಗೆ ಬೇಕಾದದ್ದು ಕಡಿಮೆಯಾಗುವುದಿಲ್ಲ. ಹಾಲು, ಬೇಳೆ, ಕಾಳು ಹೋಗದಿದ್ದರೆ ಮೈ ತನ್ನ ಮಾಂಸವನ್ನೇ ಕರಗಿಸಿ ತಿನ್ನುತ್ತದೆ. ಕಾಲು ಊದುವುದು, ಬೀಳುವುದು, ಮಂಕು ಕವಿಯುವುದು, ಗಾಯ ಮಾಯದಿರುವುದು, ಎಲ್ಲ ಅದೇ ದಾರಿಯವು. ಹೊಸ ಮಾಂಸ ಹುಟ್ಟಲು ಸಾಮಾನು ಬೇಡವೇ ಎಂದರು. ಕಬ್ಬಿಣಾಂಶದ ಮಾತ್ರೆ, ವಿಟಮಿನ್ನು ಬರೆದರು. ಎರಡು ವಾರದ ಗಡುವನ್ನು ನಾಲ್ಕು ವಾರ ಮಾಡಿದರು.

ನನ್ನ ಶಾಲೆಯ ಗೋಡೆಯಲ್ಲಿ ಸಮತೋಲನ ಆಹಾರದ ಒಂದು ಪಟ ಇತ್ತು. ಅದರಲ್ಲಿ ಮಗು ಇತ್ತು, ಬಸುರಿ ಇದ್ದಳು, ಹಾಲು ಬೇಳೆ ಸೊಪ್ಪು ಎಲ್ಲ ಇದ್ದವು. ಮುದುಕರು ಇರಲಿಲ್ಲ. ಅದನ್ನು ಎಷ್ಟು ವರ್ಷ ಕೋಲು ಹಿಡಿದು ತೋರಿಸಿದ್ದೇನೋ, ಒಂದು ದಿನವೂ ನನಗೆ ಹೊಳೆಯಲಿಲ್ಲ.

ಅಲ್ಲಿಂದ ನನ್ನ ಪಾಠ ಶುರುವಾಯಿತು. ಬೆಳಗಿನ ಮೊದಲ ಬಸ್ಸಿಗೆ ಗುಬ್ಬಿಯಿಂದ ಬುತ್ತಿ ಹೊತ್ತು ಬರುತ್ತಿದ್ದೆ, ಸಂಜೆ ವಾಪಸ್ಸು. ಬಡಿಸೋರು ಮೊದಲು ಮಾಡಿದ ಕೆಲಸವೆಂದರೆ ಮುದ್ದೆಯನ್ನು ವಾಪಸ್ಸು ತಂದದ್ದು. ಹಲ್ಲಿಲ್ಲದವರಿಗೆ ಮುದ್ದೆಗಿಂತ ಒಳ್ಳೆಯದು ಏನಿದೆ, ಅದು ಅಗಿಯುವ ಊಟವಲ್ಲ, ನುಂಗುವ ಊಟ ಎಂದು ನಕ್ಕರು. ಮೆತ್ತಗಿನ ಮುದ್ದೆ, ಹೆಸರುಕಾಳು ನುಣ್ಣಗೆ ಬೇಯಿಸಿ ಕಡೆದ ಸಾರು, ಮೇಲೊಂದು ಚಮಚ ತುಪ್ಪ, ಕಡಲೆಕಾಯಿ ಬೀಜದ ಪುಡಿ, ಗಟ್ಟಿ ಮೊಸರು. ಮೊದಲ ದಿನವೇ ನಾನು ಅಗಲವಾದ ಡಬ್ಬಿ ತುಂಬ ತಂದಿದ್ದಕ್ಕೆ ಬೈದರು. ಒಣಗಿದ ಗಿಡಕ್ಕೆ ಒಂದೇ ಸಲ ಕೊಡ ಸುರಿದರೆ ಬೇರು ಕೊಳೆಯುತ್ತದೆ, ಸ್ವಲ್ಪ ಸ್ವಲ್ಪ, ಆರು ಸಲ ಎಂದರು.

ಆದರೆ ಬಡಿಸುವುದು ಬೇಯಿಸಿದಷ್ಟು ಸುಲಭವಿರಲಿಲ್ಲ. ಮಾವನೆದುರು ತಲೆಯೆತ್ತದವಳು ನಾನು. ಅವರು ಸಾಕು ಎಂದ ಮೇಲೂ ಸೌಟು ಬಗ್ಗಿಸಬೇಕಲ್ಲ. ಮೊದಲ ದಿನ ಸಾರು ಹಾಸಿಗೆಯ ಮೇಲೆ ಚೆಲ್ಲಿತು. ಬಡಿಸೋರು ಎರಡು ಮಂಚದಾಚೆ ನಿಂತು ನೋಡುತ್ತಿದ್ದರು. ಮಾವ ಅದೇ ಯೋಗಿ ಭೋಗಿ ಗಾದೆ ತೆಗೆದರು. ನಾನು ಸೌಟು ಹಿಂದಕ್ಕೆ ತೆಗೆದೆ. ಆಗ ಬಡಿಸೋರು ಅಲ್ಲಿಂದಲೇ, ಯೋಗಿಗೆ ಕಾಲಲ್ಲಿ ಗಾಯ ಇರಲ್ಲ ಯಜಮಾನ್ರೆ, ಅದಿರೋತನಕ ಭೋಗಿ ಆಗಿರಿ ಎಂದರು. ಇಡೀ ಸಾಲಿನ ರೋಗಿಗಳು ನಕ್ಕರು. ಮಾವನ ತುಟಿಯೂ ಅಲುಗಿತು.

ನಾನು ಮೂರನೇ ಸೌಟು ಹಾಕಿದೆ. 'ಹಾಕ್ತೀನಿ' ಎಂದೆ. ಮಾವ ಒಡ್ಡಿದ್ದ ಆ ಒಂದೇ ಕೈ ಹಿಂದಕ್ಕೆ ಸರಿಯಿತು.

ಹೀಗೆ ಹತ್ತು ಹನ್ನೆರಡು ದಿನ ನಡೆಯಿತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಬಡಿಸಿ, ಬಟ್ಟೆ ಮಡಿಸಿಡುವುದರಲ್ಲಿದ್ದೆ. ಮಾವ ತಟ್ಟೆ ನೋಡುತ್ತಾ, ನನ್ನನ್ನು ನೋಡದೆ, "ಇನ್ನೊಂದ್ ಚೂರು ಮುದ್ದೆ ಐತೇನವ್ವ?" ಎಂದರು. ಹತ್ತು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ವಸ್ತು ಅದು. ಡಬ್ಬಿಯಲ್ಲಿ ಮುದ್ದೆ ಉಳಿದಿರಲಿಲ್ಲ. ನಾನು ಎದ್ದು ಅಡುಗೆಮನೆಗೆ ಓಡಿದೆ, ಬಡಿಸೋರು ತಮ್ಮ ಊಟಕ್ಕೆಂದು ಕಟ್ಟಿಸಿಕೊಂಡು ಬಂದಿದ್ದ ಮುದ್ದೆಯನ್ನು ಮುರಿದುಕೊಟ್ಟರು. ಯಾರ ಮನೆಯದು, ಯಾವ ಜಾತಿಯದು ಎಂದು ಕೇಳದೆ ಯಾರ ಕೈಯ ನೀರನ್ನೂ ಕುಡಿಯದ ನಮ್ಮ ಮಾವ ಅದನ್ನು ಪೂರ್ತಿ ಉಂಡರು. ಕೇಳಿದ್ದರೆ ನಾನು ಸುಳ್ಳು ಹೇಳುತ್ತಿದ್ದೆನೇನೋ, ಅವರು ಕೇಳಲಿಲ್ಲ.

ಮೂರನೇ ವಾರದ ಕೊನೆಗೆ ಡ್ರೆಸ್ಸಿಂಗ್ ಬಿಚ್ಚಿದ ಸರ್ಜನ್ ಹಾಗೇ ಬಗ್ಗಿ ನಿಂತುಕೊಂಡರು. ಗಾಯದ ತಳದಲ್ಲಿ ದಾಳಿಂಬೆ ಕಾಳಿನ ಹಾಗೆ ಕೆಂಪು ಹುಟ್ಟಿತ್ತು. ಅವರು ಬಡಿಸೋರನ್ನು ಕರೆಸಿ ತೋರಿಸಿದರು. ಬಡಿಸೋರು ನೋಡಿ, ಟವಲ್ಲಿನಲ್ಲಿ ಮೂಗೊರೆಸಿಕೊಂಡು, ಹುಳಿ ತಳ ಹತ್ತುತ್ತದೆ ಎಂದು ಅಡುಗೆಮನೆಗೆ ಹೊರಟುಹೋದರು. ಮುಂದೆ ತೊಡೆಯ ಚರ್ಮ ತೆಗೆದು ಕೂರಿಸಿದರು, ಅದು ಹಿಡಿಯಿತು. ಎರಡು ತಿಂಗಳಿಗೆ ಮಾವ ತಮ್ಮ ಎರಡೂ ಕಾಲಲ್ಲಿ ನಡೆದು ಬಸ್ಸು ಹತ್ತಿದರು. ತೋಟದ ಆಳಿನ ಹೆಸರು ಮಾತ್ರವಲ್ಲ, ಅವನು ಯಾವ ಮರದ ಎಷ್ಟು ಕಾಯಿ ಕದ್ದಿದ್ದ ಎಂಬುದೂ ನೆನಪಿಗೆ ಬಂತು. ಆ ಸರ್ಜನ್ ಅಲ್ಲಿರುವಷ್ಟು ಕಾಲ ರೌಂಡ್ಸಿನಲ್ಲಿ ಯಾರಾದರೂ ವಯಸ್ಸಾದವರ ಮಂಚ ಬಂದರೆ, ಏನ್ರೀ, ಈ ತಟ್ಟೆ ಏನನ್ನುತ್ತೆ ಎಂದು ಬಡಿಸೋರನ್ನು ಕೇಳುತ್ತಿದ್ದರಂತೆ. ಈ ವಿಷಯ ಹೇಳುವಾಗ ಮಾತ್ರ ಬಡಿಸೋರು ಜಂಬಪಡುತ್ತಿರಲಿಲ್ಲ, ನಾಚಿಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೂ ನಾನು ಬಾಗಿಲ ಮರೆಗೆ ಹೋಗಲಿಲ್ಲ. ಮಾವನ ಎದುರು ಮಣೆ ಹಾಕಿಕೊಂಡು ಕೂತು ಬಡಿಸುತ್ತಿದ್ದೆ. ಅವರು ಬೈಯುತ್ತಿದ್ದರು, ನಾನು ಹಾಕುತ್ತಿದ್ದೆ. ಅತ್ತೆ ಇದ್ದಾಗ ನಡೆಯುತ್ತಿದ್ದುದೂ ಇದೇ ಎಂದು ಗಂಡ ಒಂದು ದಿನ ಹೇಳಿದರು. ಅವ್ವ ಐವತ್ತು ವರ್ಷ ಅಪ್ಪನ ಮಾತು ಕೇಳಲೇ ಇಲ್ಲ ಕಣೇ ಎಂದು. ಮೊದಲೇ ಹೇಳಬಾರದಿತ್ತೇ ಪುಣ್ಯಾತ್ಮ ಎಂದೆ.

ಮಾವ ಆಮೇಲೆ ಏಳು ವರ್ಷ ಬದುಕಿದರು. ಎಂಬತ್ತರ ದಶಕದ ಮೊದಲಲ್ಲಿ ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತಲ್ಲೇ ಹೋದರು. ತಿಥಿಯ ದಿನ ಬಂದವರೆಲ್ಲ ನನ್ನನ್ನು ಕೊಂಡಾಡಿದರು. ಅವತ್ತು ವಾರ್ಡಿನಲ್ಲಿ ನನ್ನ ಮಾನ ತೆಗೆದಿದ್ದ ಗಂಡನ ಅಕ್ಕ, ನನ್ನ ತಮ್ಮನ ಹೆಂಡ್ತಿ ಥರ ಮಾವನನ್ನ ನೋಡ್ಕೊಂಡೋರು ಕುಣಿಗಲ್ ಸೀಮೇಲಿಲ್ಲ ಎಂದು ಎಲೆ ಮುಂದೆ ಅತ್ತರು. ಮಾನ ವಾಪಸ್ಸು ಬಂತು ಎಂದು ನಾನು ಸಂತೋಷಪಡಬೇಕಿತ್ತು. ಆಗಲಿಲ್ಲ. ಹೊಗಳಿಕೆ ಕೇಳಿದಷ್ಟೂ ಆ ಮೂರು ಗಂಟು ಕಣ್ಣಿಗೆ ಕಟ್ಟುತ್ತಿದ್ದವು. ಅದು ನನ್ನ ತಪ್ಪೇ ಎಂದು ಗಂಡನನ್ನು ಕೇಳಿದರೆ ಹಳೆಯದೆಲ್ಲ ಯಾಕೆ ಎಂದರು. ನಿಜ ಹೇಳಬಲ್ಲವರು ಒಬ್ಬರೇ ಇದ್ದರು.

ಬಡಿಸೋರು ಅಷ್ಟರಲ್ಲಿ ರಿಟೈರಾಗಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದರು. ತುಮಕೂರಿಗೆ ಹೋದಾಗಲೆಲ್ಲ ಹೋಗಿ ಬರುತ್ತಿದ್ದೆ. ತಿಥಿಯಾದ ವಾರಕ್ಕೆ ಹೋದ ದಿನ ಅವರು ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮಾವ ಹೋದ ಸುದ್ದಿ ಹೇಳಿದೆ. ಕಾಲು ಗಟ್ಟಿಯಾಗಿತ್ತಾ ಕೊನೇವರೆಗೂ ಎಂದು ಕೇಳಿದರು. ಗಟ್ಟಿಯಾಗಿತ್ತು ಎಂದೆ. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸುತ್ತಾ ಕೇಳಿದೆ.

"ಒಂದು ಮಾತು ಕೇಳ್ತೀನಿ, ಮುಲಾಜು ನೋಡ್ಬೇಡಿ. ಅವತ್ತು ನೀವು ನೋಡದೇ ಇದ್ದಿದ್ರೆ ನಾನು ನಮ್ಮ ಮಾವನ್ನ ಕೊಂದುಬಿಡ್ತಿದ್ನಾ?"

ಛೇ ಛೇ, ಎಂಥ ಮಾತು ಬುಡಿ ತಾಯಿ ಎನ್ನುತ್ತಾರೆಂದು ನಾನು ಕಾದೆ. ಲೋಕದಲ್ಲಿ ಬೇರೆ ಯಾರಾಗಿದ್ದರೂ ಹಾಗೆಯೇ ಎನ್ನುತ್ತಿದ್ದರು. ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದರು.

"ಹೂಂ ತಾಯಿ," ಎಂದರು. "ಕೊಂದುಬಿಡ್ತಿದ್ರಿ."

ಅವರು ಇನ್ನೊಂದು ಕಾಯಿ ಕೈಗೆತ್ತಿಕೊಂಡರು.

"ಕೆಟ್ಟ ಸೊಸೆ ಆಗಿದ್ರೆ ಯೋಚ್ನೆ ಇರ್ಲಿಲ್ಲ. ಯಜಮಾನ್ರು ಜಗಳ ಆಡಿ, ಬೈದು, ಕಿತ್ಕೊಂಡು ಉಂಡು ಬದುಕ್ಕೊಳ್ಳೋರು. ನೀವು ಅಷ್ಟು ಮರ್ಯಾದೆ ಕೊಟ್ರಿ ನೋಡಿ, ಹಸಿದೈತೆ ಅನ್ನೋಕೆ ಅವ್ರಿಗೆ ಬಾಯೇ ಬರ್ಲಿಲ್ಲ."

ಅವರು ಸಮಾಧಾನ ಹೇಳಲಿಲ್ಲ, ಮುಖ ತಪ್ಪಿಸಲೂ ಇಲ್ಲ. ನಾನು ಅಲ್ಲೇ ಸಿಪ್ಪೆಯ ರಾಶಿಯ ಪಕ್ಕ ಕೂತು ಮನಸಾರೆ ಅತ್ತೆ. ಮಾವ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಅಳು ನಿಂತ ಮೇಲೆ ಎದ್ದು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಬೇಡ ಅನ್ನಲಿಲ್ಲ.